ಹೊತ್ತಲ್ಲದ ಹೊತ್ತಿನ ಸೈರನ್

ಹೋದ ವಾರ ಇಬ್ಬರು ಹುಡುಗರು ಬಂಗಾರಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕೈಯಲ್ಲಿ ಒಂದು ಫೋನು, ಅದು ಅಲುಗದಂತೆ ಹಿಡಿಯುವ ಒಂದು ಕೋಲು. ಅಷ್ಟೇ ಅವರ ಯೂನಿಟ್ಟು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ನಡುವೆ ಒಬ್ಬ ಇನ್ನೊಬ್ಬನಿಗೆ ಚಾಕು ಹಾಕಿದಂತೆ ನಟಿಸುವುದು, ಸುತ್ತಲಿನ ಜನ ಏನು ಮಾಡುತ್ತಾರೆಂದು ಮರೆಯಿಂದ ಚಿತ್ರೀಕರಿಸುವುದು ಅವರ ಯೋಜನೆ. "ಅಂಕಲ್, ಐದು ನಿಮಿಷದ ಕೆಲಸ. ಇದಕ್ಕೂ ಪರ್ಮಿಷನ್ ಬೇಕಾ?" ಎಂದರು. ಬೇಕು ಎಂದೆ. ಯಾಕೆ ಎಂದರು. ಕಾನೂನಿನ ಮಾತು ಶುರು ಮಾಡಿದೆ. ಇಬ್ಬರ ಕಣ್ಣೂ ಮೆಲ್ಲಗೆ ಫೋನಿನ ಕಡೆಗೆ ಇಳಿದವು.

ಆಗ ನಾನು ಮುನಿವೆಂಕಟಪ್ಪನ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿಬಿಟ್ಟು ಹೇಳಿದಾಗಲೆಲ್ಲ ನಾನು ಆ ಘಟನೆಯನ್ನು ಸ್ವಲ್ಪ ಸ್ವಲ್ಪ ತಿದ್ದುತ್ತೇನೆ, ಕೇಳುವವರ ಮುಖ ನೋಡಿ ಎಲ್ಲೋ ಒಂದು ಕಡೆ ಏರಿಸುತ್ತೇನೆ. ಬರೆದರೆ ಆ ಚಾಳಿಗೆ ಕಡಿವಾಣ ಬೀಳಬಹುದೆಂದು ಬರೆಯುತ್ತಿದ್ದೇನೆ. ಬೀಳುತ್ತದೋ ಇಲ್ಲವೋ ಗೊತ್ತಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಸಾಕ್ಷಿಗಳನ್ನು ಅನುಮಾನಿಸಲು ಕಲಿಸಿದ್ದರು. ಆ ಸಾಕ್ಷಿಗಳಲ್ಲಿ ನಾನೂ ಒಬ್ಬನಾಗುತ್ತೇನೆಂದು ಯಾರೂ ಎಚ್ಚರಿಸಿರಲಿಲ್ಲ. ದಿನಾ ಸಂಜೆ ಡೈರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಡೈರಿಯೂ ನೆನಪೇ, ಕೆಲವು ಗಂಟೆ ಹಳೆಯದು, ಅಷ್ಟೇ.

ನನ್ನ ಕೆಲಸ ಲೊಕೇಶನ್ ಮ್ಯಾನೇಜರನದು. ಸಿನಿಮಾ, ಧಾರಾವಾಹಿ, ಜಾಹೀರಾತು ಯಾವುದೇ ಆಗಲಿ, ಕೋಲಾರದ ಕಡೆ ಚಿತ್ರೀಕರಣ ಇದ್ದರೆ ನನ್ನನ್ನು ಕರೆಯುತ್ತಿದ್ದರು. ಜಾಗ ತೋರಿಸುವುದು, ವ್ಯಾನು ನಿಲ್ಲಿಸಲು ನೆರಳು ಹುಡುಕುವುದು, ನಟಿಯರಿಗೆ ಬಟ್ಟೆ ಬದಲಿಸಲು ಯಾರದೋ ಮನೆಯ ಕೋಣೆ ಕೇಳುವುದು, ಪೊಲೀಸು ಪಂಚಾಯತಿ ಎಂದು ಅಲೆಯುವುದು. ಪರದೆಯ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಕಾಣದಿರುವುದೇ ಈ ಕೆಲಸ ಸರಿಯಾಗಿದೆ ಎನ್ನುವುದಕ್ಕೆ ಗುರುತು.

ಕೆಲಸ ಕಲಿಸಿದವರು ಸುಬ್ಬಣ್ಣ ಎಂಬ ಪ್ರೊಡಕ್ಷನ್ ಮ್ಯಾನೇಜರು. ಮಹಾ ಸಿಡುಕ. "ಎಂ.ಎ. ಅಂತೆ, ಎಂ.ಎ.! ಹೋಗಯ್ಯಾ, ಟೇಕ್ ಮುಗಿಯೋವರ್ಗೂ ಆ ಬೀದಿನಾಯಿ ಬೊಗಳದಂಗೆ ನೋಡ್ಕೋ. ಅದೇ ನಿನ್ನ ಪಿಎಚ್.ಡಿ.," ಎಂದು ಮೊದಲ ದಿನವೇ ಎಲ್ಲರೆದುರು ಅಂದಿದ್ದರು. ಅವರು ಹೇಳಿಕೊಟ್ಟದ್ದರಲ್ಲಿ ಹೆಚ್ಚಿನದು ಬೈಗುಳದ ರೂಪದಲ್ಲೇ ಬಂದಿದ್ದು. ಒಂದು ಮಾತು ಮಾತ್ರ ತಣ್ಣಗೆ ಹೇಳಿದ್ದರು. "ಸ್ಟೇಷನ್ ಕೊಡೋ ಪರ್ಮಿಷನ್ನು ನಮ್ಮನ್ನ ಪೊಲೀಸ್ರಿಂದ ಕಾಪಾಡ್ತದೆ, ಅಷ್ಟೇ. ಜನರಿಂದ ನಮ್ಮನ್ನ, ನಮ್ಮಿಂದ ಜನರನ್ನ ಕಾಪಾಡೋದು ಬೇರೆ. ಅದನ್ನ ಮನೆ ಮನೆಗೆ ಹೋಗಿ ಇಸ್ಕೊಂಡು ಬರ್ಬೇಕು."

ಹಳ್ಳಿಗಳಲ್ಲಿ ಅವರು ತಮಟೆ ಹೊಡೆಸಿ ಸಾರಿಸುತ್ತಿದ್ದರು. ಕ್ಯಾಸಂಬಳ್ಳಿಯಲ್ಲಿ ಒಂದು ಹೊಡೆದಾಟದ ದೃಶ್ಯವಿತ್ತು. ಹಿಂದಿನ ಸಂಜೆ ತಮಟೆಯವನು ಬೀದಿ ಬೀದಿ ಸುತ್ತಿ ಕೂಗಿದ: "ಕೇಳ್ರಪ್ಪೋ ಕೇಳ್ರಿ! ನಾಳೆ ಒತ್ತಾರೆ ಬಸ್‌ಸ್ಟ್ಯಾಂಡ್ ತಾವ ಸುಳ್ಳು ಜಗಳ ಐತೆ! ರಗ್ತ ಕಂಡ್ರೂ ಅದು ಬಣ್ಣ! ಬಿಡ್ಸಾಕೆ ಯಾರೂ ಓಗ್ಬ್ಯಾಡ್ರಪ್ಪೋ!" ನನಗೆ ನಗು ತಡೆಯಲಾಗಲಿಲ್ಲ. ಸುಬ್ಬಣ್ಣ ನಗಲಿಲ್ಲ.

ಯಾಕೆ ನಗಲಿಲ್ಲ ಎನ್ನುವುದು ಬೆಳಿಗ್ಗೆ ತಿಳಿಯಿತು. ಊರಿಗೆಲ್ಲ ಗೊತ್ತಿತ್ತು, ಒಬ್ಬ ಮುದುಕಿಯನ್ನು ಬಿಟ್ಟು. ಆಕೆ ಹಿಂದಿನ ಸಂಜೆ ಮಗಳ ಊರಿನಲ್ಲಿದ್ದಳಂತೆ. ಡೈರಿಗೆ ಹಾಲು ಹಾಕಲು ಬಂದವಳು ನೇರವಾಗಿ ಜಗಳದ ಮಧ್ಯೆ ನುಗ್ಗಿ, ಹಾಲಿನ ಕ್ಯಾನನ್ನೇ ಬೀಸಿ ನಮ್ಮ ಖಳನಾಯಕನ ಮೊಣಕೈಗೆ ಕೊಟ್ಟಳು. "ಥೂ, ನಿಮ್ ಮಕಕ್ಕಿಷ್ಟು! ಒಬ್ಬನ್ ಮ್ಯಾಲೆ ನಾಕ್ ಜನ ಬಿದ್ದಿದ್ದೀರಲ್ಲಾ, ನಾಚ್ಕೆ ಆಗಾಕಿಲ್ವಾ?" ಸಿನಿಮಾ ಕಣಜ್ಜಿ ಎಂದು ಯಾರೋ ಕೂಗಿದರು. "ಸಿನಿಮಾನಾ? ಅದುನ್ನ ಮೊದ್ಲೇ ಬೊಗಳಾಕೆ ಏನಾಗಿತ್ತು ನಿಮಗೆ? ಆಲೆಲ್ಲಾ ಮಣ್ಣುಪಾಲಾಯ್ತು!" ಎಂದು ಖಾಲಿ ಕ್ಯಾನನ್ನು ನಮಗೇ ತೋರಿಸಿದಳು. ಸುಬ್ಬಣ್ಣ ಎಲ್ಲರೆದುರು ಆಕೆಯ ಕಾಲು ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದಾ? ಊರೆಲ್ಲಾ ಸಾರಿದ್ರೂ ಒಬ್ರು ಉಳೀತಾರೆ. ಸಾರದೇ ಇದ್ರೆ?" ಎಂದರು.

ಸಾರದೇ ಇದ್ದರೆ ಏನಾಗುತ್ತದೆ ಎನ್ನುವುದನ್ನೂ ಕೆಲವು ವರ್ಷಗಳ ನಂತರ ನೋಡಿದೆ. ಬೇರೆ ಕಂಪನಿ, ಸುಬ್ಬಣ್ಣ ಇರಲಿಲ್ಲ. ರೈಲ್ವೆ ಅನುಮತಿ ಬರುವುದು ತಡ ಎಂದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕದ್ದು ಒಂದು ಶಾಟು ತೆಗೆದರು. ನಟಿಯ ಪರ್ಸನ್ನು ಕಳ್ಳನ ವೇಷದವನು ಕಸಿದು ಓಡಬೇಕು. ಓಡಿದ. ನಮ್ಮ ಯೂನಿಟ್ಟಿನವನಲ್ಲದ ಒಬ್ಬ ಯುವಕ, ಬೆಂಗಳೂರಿನ ರೈಲಿಗೆ ಕಾಯುತ್ತಿದ್ದವನು, ಬ್ಯಾಗು ಎಸೆದು ಅವನ ಹಿಂದೆ ಹಳಿಗೆ ಹಾರಿದ. ಗೂಡ್ಸ್ ಗಾಡಿ ಬರುತ್ತಿತ್ತು. ಅವನು ಹೇಗೆ ದಾಟಿದನೋ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಗಾಡಿ ಹೋದ ಮೇಲೆ, ಹರಿದ ಪ್ಯಾಂಟು, ರಕ್ತ ಸುರಿಯುವ ಮೊಣಕಾಲು, ಕೈಯಲ್ಲಿ ಪರ್ಸು ಹಿಡಿದು ಬಂದ. "ತಗೊಳ್ಳಿ ಮೇಡಂ, ಸಿಕ್ತು," ಎಂದ. ಮುಖದ ತುಂಬ ಹೆಮ್ಮೆ. ಅವನಿಗೆ ನಿಜ ಹೇಳುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆಗ ನಿರ್ದೇಶಕ ನಕ್ಕ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇದನ್ನು ಬರೆಯುವ ಮೊದಲು ಡೈರಿ ತೆಗೆದು ನೋಡಿದರೆ, ಆ ದಿನ ನಿರ್ದೇಶಕನಿಗೆ ಜ್ವರ, ಸ್ಟೇಷನ್ನಿಗೆ ಬಂದೇ ಇರಲಿಲ್ಲ. ನಗು ಮಾತ್ರ ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ನಕ್ಕವರು ಯಾರು?

ಆ ಕಾಲದಲ್ಲಿ ಕದ್ದು ತೆಗೆಯುವುದು ಅಪರೂಪ, ಯಾಕೆಂದರೆ ಕಷ್ಟ. ಜನರೇಟರ್ ವ್ಯಾನು, ಲೈಟುಗಳು, ಬಿಸಿಲಿಗೆ ಹಿಡಿಯುವ ಬೆಳ್ಳಿ ಹಲಗೆಗಳು, ಊಟದ ಪಾತ್ರೆಗಳು. ಆ ಸಂತೆಯೇ ಊರಿಗೆಲ್ಲ ತಮಟೆ ಹೊಡೆದಂತೆ ಸಾರುತ್ತಿತ್ತು. ಮೊದಲ ಶಾಟಿಗೆ ಮುಂಚೆ ಕ್ಯಾಮೆರಾಕ್ಕೆ ಪೂಜೆ ಮಾಡಿ ಕಾಯಿ ಒಡೆದರೆ ಹಾದಿಹೋಕರೂ ನಿಂತು ಪ್ರಸಾದ ತಿನ್ನುತ್ತಿದ್ದರು. ಆಮೇಲೆ ಕ್ಯಾಮೆರಾ ಚಿಕ್ಕದಾಗುತ್ತಾ ಬಂತು. ಮುಷ್ಟಿಯೊಳಗೆ ಬಂತು. ಅದರ ಜೊತೆಗೇ ಒಂದು ಹೊಸ ಮಾತೂ ಬಂತು: ನ್ಯಾಚುರಲ್ ರಿಯಾಕ್ಷನ್. ಹಣ ಕೊಟ್ಟು ಕರೆತಂದವರ ಭಯ ಭಯವಲ್ಲ, ನಿಜವಾಗಿ ಭಯಪಟ್ಟವರ ಮುಖವೇ ಮುಖ ಎನ್ನುವ ವಾದ. ಈ ಮಾತನ್ನು ನಾನು ಮೊದಲು ಕೇಳಿದ್ದು ವಿನಯನ ಬಾಯಲ್ಲಿ ಎಂದು ನೆನಪು. ಬೇರೆಯವರ ಬಾಯಲ್ಲೂ ಕೇಳಿರಬಹುದು. ಎಲ್ಲವನ್ನೂ ಅವನ ಮೇಲೆ ಹಾಕುವ ಆಸೆ ನನಗಿದೆ ಎನ್ನುವುದನ್ನು ಓದುವವರು ಗಮನದಲ್ಲಿಡಬೇಕು.

ವಿನಯ ಬಂಗಾರಪೇಟೆಯವನೇ, ನಮ್ಮ ಪಕ್ಕದ ಬೀದಿಯವನು. ಮೂವತ್ತರ ಆಸುಪಾಸು. ಕೋಲಾರದ ಚಿನ್ನದ ಗಣಿಯ ಬಗ್ಗೆ ಒಂದು ಕಿರುಚಿತ್ರ ಮಾಡಬೇಕೆಂದು ಬಂದ. ಗಣಿ ದುರಂತದ ದಿನ ಕಾರ್ಮಿಕರ ಲೈನ್ ಮನೆಗಳಲ್ಲಿ ಹೆಂಗಸರು ಕಾಯುವ ಕಥೆ. ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಕಥೆ ಹಿಡಿಸಿತು, ಒಪ್ಪಿದೆ. ಅವನನ್ನು ನಂದಿದುರ್ಗ ಗಣಿಯ ಲೈನುಗಳಿಗೆ ಕರೆದುಕೊಂಡು ಹೋದೆ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿದೆ. ಮನೆಗಳು ಮಾತ್ರ ಹಾಗೇ ಸಾಲಾಗಿ, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ದುಡಿಯುವ ವಯಸ್ಸಿನವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದರೆ ಹಗಲೆಲ್ಲ ಅಲ್ಲಿ ಹೆಂಗಸರು, ಮುದುಕರು, ನೀರಿನ ಬಿಂದಿಗೆಗಳು.

ಅಲ್ಲಿ ನನಗೆ ಹಳೆಯ ಪರಿಚಯದವನು ಮುನಿವೆಂಕಟಪ್ಪ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯವನು, ಎಳೆಯ ವಯಸ್ಸಿನಲ್ಲೇ ಗಣಿಗೆ ಸೇರಿ ಲೈನಿನಲ್ಲೇ ಉಳಿದವನು. ಗಣಿಯೊಳಗೆ ಬಂಡೆ ಸಿಡಿದು ಜನ ಸಿಕ್ಕಿಕೊಂಡಾಗ ಮೊದಲು ಇಳಿಯುವ ರಕ್ಷಣಾ ತಂಡದಲ್ಲಿದ್ದವನು. ಆ ಹೊತ್ತಿಗೆ ಎದೆಯಲ್ಲಿ ಕಲ್ಲಿನ ಪುಡಿ ತುಂಬಿತ್ತು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಹೆಂಡತಿ ನಾರಾಯಣಮ್ಮ. ಒಬ್ಬನೇ ಮಗ ಸೀನ.

ನಾವು ಹೋದಾಗ ಮುನಿವೆಂಕಟಪ್ಪ ಬಾಗಿಲಲ್ಲಿ ಕೂತಿದ್ದ. "ಬನ್ನಿ ಶೂಟಿಂಗ್ ಸಾರ್. ಯಾರೀ ಉಡುಗ, ಈರೋನಾ?" ಎಂದ.

"ಹೀರೋ ಅಲ್ಲ, ಡೈರೆಕ್ಟರು," ಎಂದೆ.

"ಇಷ್ಟು ಬಡಕಲಾಗವ್ನೆ!" ಎಂದು ನಾರಾಯಣಮ್ಮ ಒಳಗಿನಿಂದಲೇ ಅಂದಳು. ವಿನಯನೂ ನಕ್ಕ. ಟೀ ಬಂತು.

ವಿನಯ ಹಳೆಯ ದಿನಗಳ ಬಗ್ಗೆ ಕೇಳಿದ. ಮುನಿವೆಂಕಟಪ್ಪನಿಗೆ ಹೇಳುವ ಹುಮ್ಮಸ್ಸು ಬಂತು. "ನೋಡಪ್ಪಾ, ಸೈರನ್ನು ಒತ್ತಿಗ್ ಸರ್ಯಾಗಿ ಕೂಗುದ್ರೆ ಅದು ನಮಗೆ ಗಡಿಯಾರ. ಪಾಳಿ ಬಿಡ್ತು, ಪಾಳಿ ಇಡೀತು, ಅಷ್ಟೇಯಾ. ಒತ್ತಲ್ಲದ ಒತ್ನಾಗೆ ಕೂಗ್ತೋ... ಕೆಳಗೆ ಬಂಡೆ ಒಡೆದೈತೆ ಅಂತ. ಆ ಗಳಿಗೇಲಿ ಲೈನಾಗಿರೋ ಎಂಗಸ್ರೆಲ್ಲಾ ಒಲೆ ಆರಿಸ್ಬಿಡೋರು. ಅನ್ನ ಅರ್ಧ ಬೆಂದಿರ್ಲಿ, ಮಗ ಅಳ್ತಾ ಇರ್ಲಿ. ಒಲೆ ಆರ್ಸಿ ಬಾಗಿಲ್ಗೆ ಬಂದು ನಿಲ್ಲೋರು."

"ಆಮೇಲೆ?"

"ಆಮೇಲೆ ನಾವು. ಎಲ್ಲಾರ್ನೂ ಮ್ಯಾಲೆ ತಂದ್ಮೇಲೆ ನಮ್ಮೋನೊಬ್ಬ ಲೈನುದ್ದಕ್ಕೂ ನಡ್ಕೊಂಡ್ ಬರೋನು. ಬಾಗಿಲ್ ಬಾಗಿಲ್‌ಗೂ 'ಎಲ್ಲಾ ಮ್ಯಾಲೆ ಬಂದ್ರು' ಅನ್ನೋನು. ಆಗ ಒಲೆ ಅಚ್ಚೋರು. ಎಷ್ಟೋ ದಪ ನಾನೇ ಓಗಿವ್ನಿ."

"ಯಾರಾದ್ರೂ ಬರದೇ ಹೋದ್ರೆ?"

ಮುನಿವೆಂಕಟಪ್ಪ ಬಹಳ ಹೊತ್ತು ಉಸಿರು ಎಳೆದುಕೊಂಡ. "ಆ ಮನೆ ಬಾಗಿಲ್ನಾಗೆ ಏನೂ ಅನ್ನಂಗಿಲ್ಲ. ಸುಮ್ಕೆ ನಿಂತ್ಕಳೋದು. ನಿಂತ್ರೆ ಅವ್ರಿಗೆ ತಿಳೀತದೆ."

ವಿನಯನ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಮನಸ್ಸಿಗೆ ತಟ್ಟಿತು ಹುಡುಗನಿಗೆ ಅಂದುಕೊಂಡೆ. ತಟ್ಟಿಯೂ ಇತ್ತು. ಒಬ್ಬ ಮನುಷ್ಯನಿಗೆ ಒಂದೇ ಗಳಿಗೆಯಲ್ಲಿ ಮನಸ್ಸೂ ಕರಗಬಹುದು, ಶಾಟೂ ಹೊಳೆಯಬಹುದು ಎನ್ನುವುದು ಇಷ್ಟು ವರ್ಷ ಆ ಜನರ ಮಧ್ಯೆ ಇದ್ದೂ ನನಗೆ ಹೊಳೆದಿರಲಿಲ್ಲ.

ಸೀನನ ಮಾತು ಬಂದದ್ದು ಏಳುವ ಹೊತ್ತಿಗೆ. ಈ ಭಾಗವನ್ನು ನಾನು ಸರಿಯಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಮುಚ್ಚಿದ ಗಣಿಯ ಬಾವಿಗಳಿಗೆ ಸುತ್ತ ಗೋಡೆ ಕಟ್ಟಿದ್ದಾರೆ. ಕೆಳಗೆ ಉಳಿದಿರುವ ಹಳೆಯ ಕೇಬಲ್ಲು, ಕಬ್ಬಿಣವನ್ನು ಗುಜರಿಗೆ ಹಾಕಲು ಕೆಲವರು ಗೋಡೆ ಕೊರೆದು ಇಳಿಯುತ್ತಾರೆ. ಒಂದು ಸಲ ಬೆಂಗಳೂರಿನ ಕೆಲಸ ತಪ್ಪಿದ್ದಾಗ ಸೀನನೂ ಇಳಿದಿದ್ದ. ಅಪ್ಪನಿಗೆ ಗೊತ್ತಾಗಿ ರಂಪವಾಗಿತ್ತು.

"ಅಪ್ಪುನ್ ತಲೆ ಮ್ಯಾಲೆ ಕೈ ಇಟ್ಟು ಆಣೆ ಮಾಡವ್ನೆ, ಇನ್ ಇಳಿಯಾಕಿಲ್ಲ ಅಂತ," ಎಂದಳು ನಾರಾಯಣಮ್ಮ.

"ಆಣೆ ಮಾಡ್ದೋರ್ನ ನಾನೆಷ್ಟ್ ಜನುನ್ನ ಎತ್ಕೊಂಡ್ ಬಂದಿಲ್ಲ," ಎಂದ ಮುನಿವೆಂಕಟಪ್ಪ. ಹಾಸ್ಯದಂತೆ ಅಂದ. ಆದರೆ ಕಣ್ಣು ಲೈನಿನ ಆಚೆ ಕಾಣುವ ಬಾವಿಯ ಗೋಡೆಯ ಕಡೆಗಿತ್ತು. ಮಗ ದಿನಾ ಬೆಳಿಗ್ಗೆ ನಿಜಕ್ಕೂ ರೈಲು ಹತ್ತುತ್ತಾನೋ ಇಲ್ಲವೋ ಎನ್ನುವ ಅನುಮಾನದಲ್ಲೇ ಅವನು ದಿನ ಕಳೆಯುತ್ತಿದ್ದಾನೆಂದು ನನಗನ್ನಿಸಿತು. ಆಗಲೇ ಅನ್ನಿಸಿತೋ ಆಮೇಲೋ, ಈಗ ಹೇಳಲಾರೆ.

ವಾಪಸು ಬರುವಾಗ ಸೈರನ್ನಿನ ದೃಶ್ಯದ ಬಗ್ಗೆ ವಿನಯ ಮಾತೆತ್ತಿದ. ಹಳೆಯ ಸೈರನ್ನಿನ ಶಬ್ದವನ್ನೇ ದೊಡ್ಡ ಸ್ಪೀಕರಿನಲ್ಲಿ ಹಾಕುವುದು, ಹೆಂಗಸರು ಬಾಗಿಲಿಗೆ ಬರುವುದನ್ನು ತೆಗೆಯುವುದು.

"ಹಾಕೋಣ," ಎಂದೆ. "ಭಾನುವಾರ ಇಟ್ಕೋ. ಎಲ್ಲರೂ ಮನೇಲಿರ್ತಾರೆ. ಹಿಂದಿನ ದಿನ ನಾನು ಲೈನಿನ ಒಂದೊಂದು ಮನೆಗೂ ಹೋಗಿ ಹೇಳಿ ಬರ್ತೀನಿ."

"ಹೇಳಿದ್ರೆ ಏನ್ ಉಳೀತು ಸಾರ್? ನಟನೆ ಮಾಡ್ತಾರೆ. ಕ್ಯಾಮೆರಾ ನೋಡಿ ಸೆರಗು ಸರಿ ಮಾಡ್ಕೋತಾರೆ."

"ಮಾಡ್ಕೊಳ್ಳಲಿ. ಹೇಳದೆ ಸೈರನ್ ಹಾಕೋ ಹಾಗಿಲ್ಲ, ವಿನಯ್. ಅದು ಆಟದ ಸಾಮಾನಲ್ಲ."

"ಗಣೀನೇ ಮುಚ್ಚೋಗಿದೆಯಲ್ಲ ಸಾರ್. ಯಾರು ನಂಬ್ತಾರೆ?"

ಇದು ಬಂಗಾರಪೇಟೆಯವನು ಮಾತ್ರ ಮಾಡಬಹುದಾದ ತಪ್ಪು. ದೂರದ ಊರಿನವನಾಗಿದ್ದರೆ ಗೊತ್ತಿಲ್ಲವೆಂದು ಕೇಳುತ್ತಿದ್ದ. ಲೈನಿನವನಾಗಿದ್ದರೆ ಕನಸಿನಲ್ಲೂ ಆ ಮಾತು ಆಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಗಣಿಯ ಕಥೆ ಕೇಳಿ ಬೆಳೆದು, ಒಂದು ದಿನವೂ ಲೈನಿನಲ್ಲಿ ಮಲಗಿ ಏಳದವನಿಗೆ ಎಲ್ಲ ಗೊತ್ತಿದೆ ಎನ್ನಿಸಿರುತ್ತದೆ. ನಾನೂ ಬಂಗಾರಪೇಟೆಯವನೇ.

ಕೊನೆಗೆ ಸರಿ ಸಾರ್ ಎಂದ. ನಾನು ನಂಬಿದೆ.

ಆ ಭಾನುವಾರ ಬರುವ ಮೊದಲೇ, ಒಂದು ಬೆಳಿಗ್ಗೆ ನಾನು ಅನುಮತಿಯ ಕಾಗದಕ್ಕಾಗಿ ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದೆ. ಪೊಲೀಸ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದಾಗ ಸೈರನ್ ಕೇಳಿಸಿತು ಎಂದು ನನ್ನ ನೆನಪು. ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದಾಗ ಎಂದು ಡೈರಿ. ಅಷ್ಟು ದೂರಕ್ಕೆ ಒಂದು ಸ್ಪೀಕರಿನ ಶಬ್ದ ಕೇಳಿಸುತ್ತದೆಯೇ ಎಂದು ಆಮೇಲೆ ಒಬ್ಬ ವಕೀಲರು ಕೇಳಿದರು. ಗೊತ್ತಿಲ್ಲ. ಗಾಳಿ ಆ ಕಡೆಯಿಂದಿತ್ತು. ಟೀ ಅಂಗಡಿಯವನು ತಮಿಳಿನಲ್ಲಿ "ಸಂಗು..." ಎಂದು ನಿಂತುಬಿಟ್ಟಿದ್ದು ನೆನಪಿದೆ. ಸೈರನ್ನಿಗೆ ಅಲ್ಲಿಯವರು ಹಾಗನ್ನುತ್ತಾರೆ. ನನಗೆ ಗೊತ್ತಿತ್ತು, ಇದು ವಿನಯನ ಸ್ಪೀಕರ್ ಎಂದು. ಗೊತ್ತಿದ್ದೂ, ಕೆಳಗೆ ಯಾರಿದ್ದಾರೋ ಎಂದು ಗಣಿಯ ಕಡೆಗೆ ತಿರುಗಿ ನೋಡಿದೆ. ಗೊತ್ತಿದ್ದವನಿಗೇ ಹೀಗಾದರೆ ಎಂದುಕೊಳ್ಳುತ್ತಾ ಆಟೋ ಹತ್ತಿದೆ.

ಅಲ್ಲಿ ಆದದ್ದನ್ನು ನಾನು ಪೂರ್ತಿ ಕಣ್ಣಾರೆ ಕಂಡಿಲ್ಲ. ಮುಂದೆ ಪೊಲೀಸರು ಗುರುತು ಹಿಡಿಯಲೆಂದು ವಿನಯನ ಕ್ಯಾಮೆರಾದ ಚಿತ್ರವನ್ನು ನನಗೆ ತೋರಿಸಿದರು. ಅದರಿಂದ, ಲೈನಿನವರ ಮಾತಿನಿಂದ ಜೋಡಿಸಿ ಬರೆಯುತ್ತಿದ್ದೇನೆ.

ಟಾರ್ಪಾಲು ಹೊದಿಸಿದ ಒಂದು ಗೂಡ್ಸ್ ಆಟೋ ಲೈನಿನ ತುದಿಯಲ್ಲಿ ನಿಂತಿತ್ತು, ಒಳಗೆ ವಿನಯ, ಕ್ಯಾಮೆರಾ. ಸೈರನ್ ಕೂಗಿತು. ಬಾಗಿಲುಗಳು ತೆರೆದವು. ಒಬ್ಬಳ ಕೈಯಲ್ಲಿ ಸೌಟು, ಇನ್ನೊಬ್ಬಳ ತಲೆಯಲ್ಲಿ ಅರ್ಧ ಹಾಕಿದ ಜಡೆ. ಗಣಿ ಮುಚ್ಚಿದೆ ಎಂದು ಯಾವ ಮುಖದಲ್ಲೂ ಬರೆದಿರಲಿಲ್ಲ. ಯಾರ ಮನೆಯ ಹುಡುಗ ಗುಜರಿಗೆ ಇಳಿದಿದ್ದನೋ ಯಾರಿಗೆ ಗೊತ್ತು? ಅಷ್ಟರಲ್ಲಿ ಬಾವಿಯ ಗೋಡೆಯ ಕಡೆಯಿಂದ ಹೆಲ್ಮೆಟ್ಟು ಹಾಕಿದ ನಾಲ್ವರು ಸ್ಟ್ರೆಚರ್ ಹೊತ್ತು ಬಂದರು. ಮೇಲೆ ಬಿಳಿ ಬಟ್ಟೆ, ಕೆಂಪು ಕಲೆ. ಹೆಂಗಸರು ಚೀರುತ್ತಾ ಸ್ಟ್ರೆಚರಿನ ಕಡೆ ಓಡಿದರು.

ಒಬ್ಬ ಮಾತ್ರ ಆ ಕಡೆ ಓಡಲಿಲ್ಲ. ಚಿತ್ರದಲ್ಲಿ ಕಾಣುತ್ತದೆ: ಪಂಚೆಯನ್ನು ಮೇಲೆ ಕಟ್ಟಿಕೊಂಡು, ಒಂದು ಕೈಯಿಂದ ಎದೆ ಒತ್ತಿಕೊಂಡು ಮುನಿವೆಂಕಟಪ್ಪ ಸ್ಟ್ರೆಚರಿನ ಪಕ್ಕದಿಂದಲೇ ಹಾದುಹೋಗುತ್ತಾನೆ, ತಿರುಗಿಯೂ ನೋಡುವುದಿಲ್ಲ. ರಕ್ಷಣಾ ತಂಡದವನು ಮೇಲೆ ಬಂದವನನ್ನು ನೋಡುತ್ತಾ ನಿಲ್ಲುವುದಿಲ್ಲ. ಅವನ ಲೆಕ್ಕವೆಲ್ಲ ಕೆಳಗೆ ಉಳಿದವರದು. ಕ್ಯಾಮೆರಾ ಅವನನ್ನೇ ಹಿಂಬಾಲಿಸುತ್ತದೆ. ವಿನಯನ ಧ್ವನಿ ತನಗೆ ತಾನೇ ಪಿಸುಗುಡುತ್ತದೆ: "ತಾತನ್ನ ಹಿಡಿ, ತಾತನ್ನ ಹಿಡಿ... ಏನ್ ಫೇಸು!" ಮುದುಕ ಗೋಡೆಯ ಕಂಡಿಯಲ್ಲಿ ಬಗ್ಗಿ ಒಳಗೆ ಮರೆಯಾಗುತ್ತಾನೆ. ಕ್ಯಾಮೆರಾ ಮತ್ತೆ ಸ್ಟ್ರೆಚರಿಗೆ ತಿರುಗುತ್ತದೆ.

ಅಲ್ಲಿ ಯಾರೋ ಬಟ್ಟೆ ಎಳೆದಿದ್ದರು. ಹೆಣವಾಗಿ ಮಲಗಿದ್ದವನು ಗಿರೀಶ ಎಂಬ ನಾಟಕದ ಹುಡುಗ. ಅವನು ಕಣ್ಣು ಬಿಟ್ಟ. ಆಮೇಲೆ ಗಲ್ಲದ ಕೆಂಪು ಬಣ್ಣವನ್ನು ಒಬ್ಬಳು ಬೆರಳಿನಿಂದ ಒರೆಸಿ ನೋಡಿದಳು. ಅಲ್ಲಿಂದ ಹೊಡೆತ. ಸೌಟಿನಿಂದ, ಚಪ್ಪಲಿಯಿಂದ, ಅವನದೇ ಸ್ಟ್ರೆಚರಿನ ಕೋಲಿನಿಂದ. ಹೊತ್ತು ತಂದ ನಾಲ್ವರೂ ಓಡಿಹೋದರು. ನಾನು ತಲುಪಿದಾಗ ಗಿರೀಶನ ತೋಳು ಮುರಿದು ಜೋತಾಡುತ್ತಿತ್ತು, ಒಂದು ಕಿವಿಯಿಂದ ನಿಜವಾದ ರಕ್ತ ಬರುತ್ತಿತ್ತು. ಆ ಕಿವಿ ಇಂದಿಗೂ ಕೇಳಿಸುವುದಿಲ್ಲ. ಅವನ ಮೇಲೆ ಬಗ್ಗಿ ಅಡ್ಡ ನಿಂತೆ. ನನಗೂ ಬಿದ್ದವು.

"ನೀವೂ ಸೇರ್ಕೊಂಡಿದ್ದೀರಾ ಶೂಟಿಂಗ್ ಸಾರ್?" ಎಂದು ಒಬ್ಬಾಕೆ ಕೇಳಿದಳು. ಹೊಡೆತಕ್ಕಿಂತ ಅದು ಹೆಚ್ಚು ನೋವು ಕೊಟ್ಟಿತು ಎಂದು ಬರೆಯಹೊರಟೆ. ಅದು ಸುಳ್ಳು. ಹೊಡೆತವೇ ಹೆಚ್ಚು ನೋಯಿತು. ಮಾತು ಆಮೇಲೆ ನೋಯಿತು.

ಆಗ ನಾರಾಯಣಮ್ಮ ಬಂದಳು. "ನಮ್ಮೋರೆಲ್ಲಿ? ಸಾರ್, ನಮ್ಮೋರ್ನ ಕಂಡ್ರಾ?"

ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಕಣ್ಣೂ ಸ್ಟ್ರೆಚರಿನ ಮೇಲಿತ್ತು. ನೋಡಿದವನು ಒಬ್ಬನೇ, ಅವನು ಟಾರ್ಪಾಲಿನ ಒಳಗಿದ್ದ. ಅವನು ಓಡಿಹೋಗಬಹುದಿತ್ತು. ಹೊರಗೆ ಬಂದ. ಇದನ್ನೂ ನಾನು ಬರೆಯಬೇಕು. ಅಷ್ಟು ಜನರ ಎದುರು ಇಳಿದು, "ತಾತ ಆ ಗೋಡೆಯೊಳಗೆ ಹೋದ್ರು," ಎಂದು ಕೈ ತೋರಿಸಿದ. ಎಲ್ಲರಿಗಿಂತ ಮುಂಚೆ ಓಡಿದವನೂ ಅವನೇ.

ಗೋಡೆಯೊಳಗೆ ಕಲ್ಲುಗುಪ್ಪೆಯ ಇಳಿಜಾರು, ಕೆಳಗೆ ಬಾವಿಯ ಬಾಯಿಗೆ ಹಾಕಿದ ಕಬ್ಬಿಣದ ಜಾಲರಿ. ಜಾಲರಿಯ ಒಂದು ಮೂಲೆಯನ್ನು ಗುಜರಿಯವರು ಕತ್ತರಿಸಿದ್ದರು. ಆ ಕಂಡಿಯ ಅಂಚಿನಲ್ಲಿ ಮುನಿವೆಂಕಟಪ್ಪ ಬೋರಲಾಗಿ ಬಿದ್ದಿದ್ದ, ಮುಖ ಕೆಳಕ್ಕೆ. ನಾವು ಇಳಿಯುವಾಗ ಉಸಿರಿತ್ತು. ಕೆಳಗಿನ ಕತ್ತಲಿಗೆ ಏನೋ ಕರೆಯುತ್ತಿದ್ದ. "ಸೀನಾ" ಎಂದದ್ದು ನನಗೆ ಕೇಳಿಸಿತು. ನಿಜಕ್ಕೂ ಕೇಳಿಸಿತೋ, ಅವನು ಇನ್ನೇನು ಕರೆದಿರಲು ಸಾಧ್ಯ ಎಂದು ನಾನೇ ತುಂಬಿಕೊಂಡೆನೋ. ಜೊತೆಯಲ್ಲಿದ್ದ ವಿನಯ, ಬರೀ ಉಸಿರಿನ ಶಬ್ದ ಸಾರ್, ಹೆಸರೇನೂ ಇರಲಿಲ್ಲ ಎನ್ನುತ್ತಾನೆ. ಅವನಿಗೆ ಹಾಗೆ ನೆನಪಿರುವುದೇ ಒಳ್ಳೆಯದೇನೋ.

ಅದೇ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೋದೆವು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಸೀನನಿಗೆ ಫೋನು ಮಾಡಿದ್ದು ನಾನು. ಅವನು ಬೆಂಗಳೂರಿನಲ್ಲೇ ಇದ್ದ, ಕಟ್ಟಡದ ಕೆಲಸದಲ್ಲಿ. ಬೆಳಿಗ್ಗೆ ನಿಜಕ್ಕೂ ರೈಲು ಹತ್ತಿದ್ದ. ಹಿಂದೆ ಕಾಂಕ್ರೀಟು ಮಿಶ್ರಣದ ಗದ್ದಲ ಕೇಳುತ್ತಿತ್ತು. "ಅಪ್ಪ ಬಾವಿ ತಾವ ಯಾಕ್ ಓದ್ರು ಸಾರ್?" ಎಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ. ಉತ್ತರ ನನಗೆ ಗೊತ್ತಿತ್ತು. ಬಾ ಎಂದಷ್ಟೇ ಹೇಳಿದೆ.

ಸಾಯಂಕಾಲ ಶವ ಪೋಸ್ಟ್‌ಮಾರ್ಟಂ ಕೋಣೆಯಲ್ಲಿ, ವಿನಯ ಸ್ಟೇಷನ್ನಿನಲ್ಲಿ. ನನ್ನ ಹೇಳಿಕೆ ಬರೆದುಕೊಂಡು ಮನೆಗೆ ಹೋಗಿ ಎಂದರು. ನಾನು ಲೈನಿಗೆ ಹೋದೆ. ಒಂದು ಮನೆಯಲ್ಲೂ ಅಡುಗೆಯ ವಾಸನೆ ಇರಲಿಲ್ಲ. ಹೆಂಗಸರು ಬಾಗಿಲಲ್ಲೇ ನಿಂತಿದ್ದರು. ಬೆಳಿಗ್ಗೆ ಆರಿಸಿದ ಒಲೆಗಳನ್ನು ಯಾರೂ ಮತ್ತೆ ಹಚ್ಚಿರಲಿಲ್ಲ. ಶೂಟಿಂಗ್ ಎಂದು ಗೊತ್ತಾಗಿತ್ತು, ಆದರೂ ಕೆಳಗೆ ಯಾರೂ ಇಲ್ಲವೆಂದು ಬಾಯಿಬಿಟ್ಟು ಹೇಳಿದವರಿರಲಿಲ್ಲ. ಹೇಳುವ ಕೆಲಸ ಮಾಡುತ್ತಿದ್ದವನು ಮುನಿವೆಂಕಟಪ್ಪ.

ಹಾಗಾಗಿ ನಾನು ನಡೆದೆ. ಸಾಲಿನ ಮೊದಲ ಮನೆಯಿಂದ. "ಅದು ಶೂಟಿಂಗ್ ಕಣಮ್ಮಾ. ಬಾವಿಯಲ್ಲಿ ಯಾರೂ ಇಲ್ಲ. ಎಲ್ಲರೂ ಮೇಲಿದ್ದಾರೆ." ಮುಂದಿನ ಬಾಗಿಲು. ಮತ್ತೆ ಅದೇ. ಮೊದಲೇ, ಶೂಟಿಂಗಿಗೆ ಮುಂಚೆ, ಇದೇ ಬಾಗಿಲುಗಳಿಗೆ ಬಂದು ಹೇಳಬೇಕಾಗಿದ್ದ ಮಾತು. ಒಬ್ಬಾಕೆ ನನ್ನ ಮುಖಕ್ಕೇ ಬಾಗಿಲು ಹಾಕಿದಳು. ಒಬ್ಬಾಕೆ ನನ್ನ ಹಣೆಯ ಗಾಯ ನೋಡಿ ಅರಿಶಿನ ತಂದು ಕೊಟ್ಟಳು. ಬೆಳಿಗ್ಗೆ ಹೊಡೆದವರಲ್ಲಿ ಅವಳೂ ಇದ್ದಳು. ನಾನು ದಾಟಿದಂತೆ ಹಿಂದಿನ ಮನೆಗಳಲ್ಲಿ ಒಂದೊಂದೇ ಒಲೆ ಹೊತ್ತಿಕೊಳ್ಳುವ ಸದ್ದು.

ಮುನಿವೆಂಕಟಪ್ಪನ ಮನೆ ಸಾಲಿನ ಕೊನೆಯದು. ನಾರಾಯಣಮ್ಮ ಹೊಸ್ತಿಲ ಮೇಲೆ ಕೂತಿದ್ದ ನೆನಪು, ಇಲ್ಲ, ನಿಂತಿದ್ದಳು. ಸೀನ ಬಂದಿದ್ದ, ಬಟ್ಟೆಯ ಮೇಲಿನ ಸಿಮೆಂಟು ಹಾಗೇ ಇತ್ತು. ಅಮ್ಮನ ತೋಳು ಹಿಡಿದು, "ನಾನ್ ಇಲ್ಲೇ ಇವ್ನಿ ಕಣಮ್ಮಾ, ನೋಡು, ಇಲ್ಲೇ ಇವ್ನಿ," ಎನ್ನುತ್ತಿದ್ದ. ಆಕೆ ಅವನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಕ್ಷಮಿಸಿ ಎನ್ನಬೇಕೆಂದಿದ್ದೆ. ಬಾಯಿ ತೆರೆದೆ. ಆಕೆ ಕೈ ಎತ್ತಿ ತಡೆದಳು.

"ಏನೂ ಅನ್ಬ್ಯಾಡಿ ಸಾರ್," ಎಂದಳು. "ಅಂಗೇ ನಿಂತ್ಕಳಿ ಒಸಿ ಒತ್ತು. ಅವ್ರೂ ಅಂಗೇ ನಿಂತ್ಕಳೋರು."

ನಾನು ನಿಂತೆ.